ಮಂಜಾದ ಮಿಂಚುಳ್ಳಿ

ಹಕ್ಕಿಯ ಬಗ್ಗೆ ಹೇಳುವುದೋ, ಅದರ ಹಿಂದಿರುವ ಮೊಣಕೈಯ ಬಗ್ಗೆ ಹೇಳುವುದೋ? ರೇವಣಸಿದ್ಧನಿಗೆ ತೋಚಲಿಲ್ಲ. ಅವನ ಕೈಯಲ್ಲಿದ್ದದ್ದು ಸುಗಂಧಾ ನಿನ್ನೆ ಉಣಕಲ್ ಕೆರೆಯಲ್ಲಿ ತೆಗೆದ ಚಿತ್ರ. ಮಿಂಚುಳ್ಳಿ ಪೂರ್ತಿ ಮಂಜಾಗಿತ್ತು. ಹಿಂದೆ, ಹರಿದ ಸ್ವೆಟರಿನ ಒಂದು ಮೊಣಕೈ ಎಳೆ ಎಳೆಯಾಗಿ ಸ್ಪಷ್ಟವಾಗಿತ್ತು. ಸ್ವೆಟರು ಅವನದೇ.

ತೆಗೆಯುವವರ ಮನಸ್ಸು ಯಾವುದರ ಮೇಲಿದೆಯೋ ಅದನ್ನಷ್ಟೇ ಕ್ಯಾಮೆರಾಗಳು ಸ್ಪಷ್ಟವಾಗಿ ಹಿಡಿಯತೊಡಗಿ ಆರು ವರ್ಷವಾಗಿತ್ತು. ಛಾಯಾಚಿತ್ರ ಬಳಗದ ಭಾನುವಾರದ ಸಭೆಯಲ್ಲಿ ಈಗ ಯಾರೂ ಬೆರಗಾಗುತ್ತಿರಲಿಲ್ಲ. ಆಗಷ್ಟೇ ನಿವೃತ್ತ ಪೋಸ್ಟ್‌ಮಾಸ್ತರ್ ಹಂಚಿನಾಳರ ಸೂರ್ಯಾಸ್ತ ಕೈಯಿಂದ ಕೈಗೆ ಹೋಗಿತ್ತು.

“ಸೂರ್ಯ ಎಲ್ಲಿ ಹೋಗ್ಯಾನ್ರಿ ಸರ? ಮಿರ್ಚಿ ಭಜಿ ಮಾತ್ರ ಭಾರಿ ಬಂದಾವ!” ಎಂದು ಯಾರೋ ಕೂಗಿದ್ದರು.

“ಹೊಟ್ಟಿ ಹಸ್ದಿತ್ತಪಾ,” ಎಂದು ಅವರೂ ನಕ್ಕಿದ್ದರು.

ಬಳಗದ ನಿಯಮ ಎರಡೇ. ಕತ್ತರಿಸಿದ ಚಿತ್ರ ತರಬಾರದು. ಪ್ರತಿ ಚಿತ್ರಕ್ಕೂ ಒಂದು ತಪ್ಪು, ಒಂದು ಮೆಚ್ಚುಗೆ ಹೇಳಬೇಕು.

“ಹಕ್ಕಿ ಮಂಜಾಗೈತಿ,” ಎಂದ ರೇವಣಸಿದ್ಧ.

“ಅದು ನನಗೂ ಕಾಣಸ್ತೈತಿ. ಮೆಚ್ಚಿದ್ದು ಹೇಳ್ರಿ,” ಎಂದಳು ಸುಗಂಧಾ, ನಗು ತಡೆಯುತ್ತ.

“ಸ್ವೆಟರ್... ಹೊಲಿಸಬೇಕು.”

ಎಲ್ಲರೂ ಗೊಳ್ಳೆಂದರು. “ನಿಂದೂ ತೋರ್ಸಪಾ,” ಎಂದರು ಹಂಚಿನಾಳ. ಅವನು ತೆಗೆದ ಕೆರೆಯ ಚಿತ್ರ ಎಂದಿನಂತೆ ಅಂಚಿನಿಂದ ಅಂಚಿಗೆ ಮಂಜು.

“ವರ್ಷಾತು, ಬರೇ ಮಂಜು ತರತಿ. ನಿನ್ನ ಮನಸ್ಸು ಎಲ್ಲೂ ಇಲ್ಲೇನೋ?” ಎಂದರು ಅವರು.

“ಕ್ಯಾಮೆರಾ ಹಳೇದೈತ್ರಿ.”

ಸುಗಂಧಾ ಚಿತ್ರದ ಎಡ ಅಂಚಿನ ಮೇಲೆ ಬೆರಳಾಡಿಸಿದಳು. ಅಂಚು ಸೊಟ್ಟಗಿತ್ತು. “ಕತ್ತರೀನೂ ಹಳೇದೇನ್ರಿ?” ಎಂದು ಅವನಿಗಷ್ಟೇ ಕೇಳುವಂತೆ ಅಂದಳು.

ವರ್ಷವಿಡೀ ಕತ್ತರಿಸಿ ಮೇಜಿನ ಖಾನೆಯಲ್ಲಿಟ್ಟ ತುಂಡುಗಳಲ್ಲೆಲ್ಲ ಅವಳೇ ಸ್ಪಷ್ಟವಾಗಿ ಇದ್ದಾಳೆಂದು ಅವನು ಹೇಳಲೇ ಇಲ್ಲ.