ಆಚೆ ಬದಿಯ ಗುಂಡಿ

ವಾರಿಜಾ ವರ್ಷಗಟ್ಟಲೆ ತಲೆಕೆಡಿಸಿಕೊಂಡು ರೂಪಿಸಿದ ಫೈಬರ್ ಕೇಬಲ್ ಕನೆಕ್ಟರ್, ಅವಳ ಕಂಪನಿ ಪೇಟೆಗೆ ತರುವ ಮೊದಲೇ ಎದುರಾಳಿ ಕಂಪನಿಯ ಹೆಸರಿನಲ್ಲಿ ಬಂದುಬಿಟ್ಟಿತ್ತು.

“ಇದು ಲ್ಯಾಬಿನ ತಿಪ್ಪೇಶಿದೇ ಕೆಲಸ. ಇವತ್ತೇ ಗೇಟ್ ತೋರಿಸ್ತೀನಿ,” ಎಂದರು ಮ್ಯಾನೇಜರ್.

ಅವಳು ಎದುರಾಳಿಯ ಆ ಕನೆಕ್ಟರನ್ನು ಕೈಗೆತ್ತಿಕೊಂಡಳು. ಒತ್ತಿ ಬಿಚ್ಚುವ ಗುಂಡಿಗಾಗಿ ಹೆಬ್ಬೆರಳು ತಡಕಾಡಿತು. ಗುಂಡಿ ಆಚೆ ಬದಿಯಲ್ಲಿತ್ತು.

“ಅವನಲ್ಲ ಸರ್. ಲ್ಯಾಬಿನಲ್ಲಿರೋದೆಲ್ಲ ಬಲಗೈಗೆ ಹೊಂದೋ ಮಾದರಿ. ಇದು ಎಡಗೈಯವರಿಗೆ. ಇಂಥದ್ದು ಆಸೆಪಟ್ಟು ಒಂದೇ ಒಂದು ಮಾಡಿದ್ದೆ.”

“ಕದ್ದೋರು ಕಣ್ಣುಮುಚ್ಚಿ ಅದನ್ನೇ ಅಚ್ಚು ಹೊಡೆದಿದ್ದಾರೆ ಅನ್ನಿ! ಅದನ್ನ ಯಾರಿಗೆ ಕೊಟ್ಟಿದ್ರಿ?”

ವಾರಿಜಾ ಕನೆಕ್ಟರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.

ಬಾಗಿಲು ತೆರೆದ ಗಂಡ, ಎಂದಿನಂತೆ ಎಡಗೈಯಲ್ಲೇ ಕಾಫಿ ಲೋಟ ಚಾಚಿ ಕೇಳಿದ: “ಕಳ್ಳ ಸಿಕ್ಕಿದ್ನಾ?”