ಹೊರಗೆ ಬಿದ್ದ ಚೂರು

ಕಳವು ಗೊತ್ತಾದದ್ದು ಗಂಗಾದೇವಿಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ. ಗಂಡ ಬಸಲಿಂಗಪ್ಪ ಪೂಜೆಗೆ ಕುಳಿತು ಕೈ ಚಾಚಿದರು. ಕೊರಳಿಂದ ಬಿಚ್ಚಿದಾಗ ತೂಗುಹಾಕುವ ಕಿಟಕಿಯ ಪಕ್ಕದ ಗೂಟದಲ್ಲಿ ಅವರ ಲಿಂಗದ ಕರಡಿಗೆ ಇರಲಿಲ್ಲ. ಕಿಟಕಿಯ ಗಾಜು ಒಡೆದಿತ್ತು.

ಬೆಳ್ಳಿಯ ಕರಡಿಗೆ. ಮದುವೆಗೆಂದು ಖಾನಾಪುರದಲ್ಲಿ ಮಾಡಿಸಿದ ಜೋಡಿಯಲ್ಲಿ ಒಂದು, ಇನ್ನೊಂದು ಹೆಂಡತಿಯದು. ಹಿಂದಿನ ದಿನ ಕುಣಿಯ ಬಳಿ ಕಲ್ಲಯ್ಯಸ್ವಾಮಿಗಳು ಕೈ ಒಡ್ಡಿದಾಗ ಬಸಲಿಂಗಪ್ಪ ಮನೆಯಿಂದ ತಂದಿದ್ದ ಕರಡಿಗೆ ಕೊಟ್ಟಿದ್ದರು. ಸ್ವಾಮಿಗಳು ಅದನ್ನು ಅವಳ ಎಡ ಅಂಗೈಯಲ್ಲಿಟ್ಟು ವಿಭೂತಿ ಮುಚ್ಚಿದ್ದರು.

ಲಿಂಗಪೂಜೆಯಾಗದೆ ಬಸಲಿಂಗಪ್ಪ ಎಂದೂ ಉಂಡವರಲ್ಲ. ಅಂದೂ ಉಣ್ಣಲಿಲ್ಲ. ಮರುದಿನವೂ.

"ಹೊಸಾ ಲಿಂಗ ಕಟ್ಟತೀನಿ, ಒಂದ್ ತುತ್ತು ಉಣ್ರಿ," ಎಂದರು ಕಲ್ಲಯ್ಯಸ್ವಾಮಿಗಳು.

"ಮೊದಲ ಮನಿ ಭದ್ರ ಆಗಲಿ. ಅದನ್ನೂ ಕಳಕೊಂಡರ ಶಿವಗ ಏನ್ ಹೇಳ್ಲಿ?"

ಮೂರನೆಯ ದಿನ ನೆಹರು ನಗರದ ಆ ಮನೆಗೆ ಗನಿ ಬಂದ. ಮೋಟಾರುಗಳ ಗಾಜಿಗೆ ಫಿಲ್ಮು ಅಂಟಿಸುವವನು. ಹೊಸ ಗಾಜು ಕೂಡಿಸಿ, ಸಾಬೂನು ನೀರು ಚಿಮುಕಿಸಿ, ಮುಂಬಯಿಯಿಂದ ತರಿಸಿದ ದಪ್ಪ ಫಿಲ್ಮನ್ನು ರಬ್ಬರಿನಿಂದ ತಿಕ್ಕಿ ಕೂರಿಸಿದ. ಅಂಗಡಿಯಿಂದ ತಂದಿದ್ದ ಮಾದರಿ ಗಾಜಿಗೆ ಸುತ್ತಿಗೆಯಿಂದ ಹೊಡೆದು ತೋರಿಸಿದ. ಗಾಜು ತುಂಬ ಬಿರುಕು. ಒಂದು ಚೂರೂ ಉದುರಲಿಲ್ಲ.

"ನೋಡ್ರಿ ಕಾಕಾ. ಕಳ್ಳ ಬಡದ್ ಬಡದ್ ಸುಸ್ತಾಗಿ, ಕಡೀಕ ನಿಮಗ ನೀರು ಕೇಳಬೇಕು."

ಬಸಲಿಂಗಪ್ಪ ನಗಲಿಲ್ಲ. ಗನಿ ಅಂಗಳಕ್ಕಿಳಿದು ನೆಲ ನೋಡಿದ.

"ಹಳೇ ಗಾಜಿನ ಚೂರೆಲ್ಲಾ ಹೊರಗ ಬಿದ್ದಾವಲ್ರೀ. ಒಳಗಿಂದ ಒಡದಂಗ ಐತಿ."

"ಕಳ್ಳ ಹೋಗೂ ಮುಂದ ಒಡದಿರಬೇಕು."

"ಮತ್ತ ಬರೂ ಮುಂದ?"

"ಬಾಗಲಾ ತೆರದಿತ್ತು. ಸತ್ತ ಮನಿ."

ಗನಿ ಬಗ್ಗಿ ಚೂರುಗಳನ್ನು ಆಯತೊಡಗಿದ.

ಸಂಜೆ ಖಾನಾಪುರದ ಬಸ್ಸಿಗೆ ತಂಗಿ ಸಾತವ್ವ ಬಂದಳು. ಅತ್ತಿಗೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಪಕ್ಕದಲ್ಲಿದ್ದವಳು ಅವಳೇ. ಮಣ್ಣಾದ ಸಂಜೆಯೇ ಊರಿಗೆ ಹೋಗಿದ್ದಳು. ಕಿಟಕಿ ನೋಡಿ ತಲೆಯಾಡಿಸಿದಳು.

"ಲಗೂ ಮಾಡಿಸಿದಿ, ಚಲೋ ಆತು ಅಣ್ಣಾ. ವೈನಿನ್ನ ಮಣ್ಣಿಗೆ ಒಯ್ಯಾಕ ಕುಂದರಿಸಿದ ವಿಮಾನ ಹೊರಗ ತರೂ ಮುಂದ ಅದರ ಬಿದಿರ ಗಳಾ ತಾಗಿ ಒಡದಿತ್ತು. ನಾನೇ ನೋಡೀನಿ."

ಬಸಲಿಂಗಪ್ಪ ಖಾಲಿ ಗೂಟದ ಕಡೆ ತಿರುಗಿದರು. ಸಾತವ್ವ ಚೀಲಕ್ಕೆ ಕೈ ಹಾಕಿ, ಸೀರೆಯ ಮಡಿಕೆಯಿಂದ ಬೆಳ್ಳಿಯ ಕರಡಿಗೆ ತೆಗೆದಳು.

"ಇದು ವೈನೀದು. ದವಾಖಾನ್ಯಾಗ ನರ್ಸಮ್ಮಾರು ಬಿಚ್ಚಿ ನನ್ನ ಕೈಯಾಗ ಕೊಟ್ಟಿದ್ರು. ಗದ್ದಲದಾಗ ಚೀಲದಾಗ ಉಳೀತು. ಸ್ವಾಮಿಗಳಿಗೆ ನೀ ಯಾವುದು ಕೊಟ್ಟಿ?"

ಬಸಲಿಂಗಪ್ಪ ತಮ್ಮ ಬರಿಗೊರಳನ್ನು ಮುಟ್ಟಿಕೊಂಡರು. ಹೆಂಡತಿಯ ಕರಡಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಶಿವನೇ, ನನ್ನ ಲಿಂಗ ಹಿಡಕೊಂಡು ನಿನ್ನ ಬಾಗಲಿಗೆ ಬಂದಾಳ; ಬ್ಯಾರೆ ಯಾರೋ ಅಂತ ಹೊರಗ ನಿಲ್ಲಿಸಬ್ಯಾಡ, ಒಳಗ ಕರಕೊಂಡು ಶಾಂತಿ ಕೊಡು."