ಹಸಿ ಸಿಮೆಂಟಿನ ಮೇಲಿನ ಗೀರು

ಮೆಟ್ಟಿಲ ಜಾಗದಲ್ಲಿ ಹೊಸದಾಗಿ ಕಟ್ಟಿಸಿದ ಇಳಿಜಾರಿನ ಹಸಿ ಸಿಮೆಂಟಿನ ಮೇಲೆ ಗೀರೆಳೆದುಕೊಂಡು ಎಬೆರ್ತೊನ ಬೈಕು ಒಳಗೆ ನುಗ್ಗಿತು. ಅಮ್ಮನ ಗಾಲಿಕುರ್ಚಿಗೂ ಬಾಗಿಲಿಗೂ ನಡುವೆ ಅದನ್ನು ನಿಲ್ಲಿಸಿ, ಅವನು ಹೆಲ್ಮೆಟ್ಟನ್ನು ಅವಳ ತೊಡೆಯ ಮೇಲೆ ಹಾಕಿದ.

"ಭಾರೀ ಚೆನ್ನಾಗಾಯ್ತಮ್ಮ! ಇನ್ನು ದಿನಾ ಸಂಜೆ ಬೈಕ್ ಎತ್ತಿ ಒಳಗಿಡೋ ಗೋಳಿಲ್ಲ."

ಗಾಲಿಕುರ್ಚಿ ಬೀದಿಗೆ ಇಳಿಯಲೆಂದೇ ಅವನಮ್ಮ ದಿಗ್ನಾ ತನ್ನ ಹೊಲಿಗೆ ಯಂತ್ರ ಮಾರಿ ಆ ಇಳಿಜಾರನ್ನು ಕಟ್ಟಿಸಿದ್ದಳು. ಎರಡು ವರ್ಷದಿಂದ ಬಾರಾಂಕಿಯಾ ಊರಿನ ಬೀದಿಯನ್ನು ಅವಳು ಕಿಟಕಿಯಿಂದಲೇ ನೋಡಿದ್ದಳು.

"ನಾನು ಹೊರಗೆ ಹೋಗೋದು ಹೇಗೋ?"

"ಈ ವಯಸ್ಸಲ್ಲಿ ನೀನೆಲ್ಲಿಗಮ್ಮ ಹೋಗ್ಬೇಕು? ಕಾಫಿ ಇದ್ರೆ ಕೊಡು."

ದಿಗ್ನಾ ಪಕ್ಕದ ಮೇಜಿನಿಂದ ತನ್ನ ಕಾಫಿ ಲೋಟ ಎತ್ತಿಕೊಂಡಳು. ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ತಲೆಕೆಳಗಾಗಿ ತಿರುಗಿಸಿ, ಲೋಟದಲ್ಲಿದ್ದ ಕಾಫಿಯನ್ನೆಲ್ಲ ನಿಧಾನವಾಗಿ ಅದರೊಳಗೆ ಸುರಿದಳು.

"ತಗೋ, ಕುಡಿ," ಎಂದು ಅವನ ಮುಂದೆ ಹಿಡಿದಳು.